ಓದುವವಳು ನಾನು, ಅರ್ಥ ಅತ್ತಿಗೆಯದು

ಪುಟ್ ಆನ್ ಅಂದರೆ ಹಾಕಿಕೋ. ಪುಟ್ ಆಫ್ ಅಂದರೆ ಮುಂದಕ್ಕೆ ಹಾಕು. ಪುಟ್ ಔಟ್ ಅಂದರೆ ದೀಪ ಆರಿಸು. ಪುಟ್ ಅಪ್ ವಿತ್ ಅಂದರೆ ಸಹಿಸಿಕೋ.

ಇದಿಷ್ಟು ಬಾಯಿಗೆ ಬರದಿದ್ದರೆ ನನ್ನ ಅತ್ತಿಗೆ ಮತ್ತೆ ಗೋಡೆಯ ಆಚೆಗೆ ಹೋಗಬೇಕು.

ಗೋಡೆ ಎಂದರೆ ಆಸ್ಪತ್ರೆಯ ಲಾಂಡ್ರಿಯ ಗೋಡೆ. ನೆಲಮಾಳಿಗೆಯಲ್ಲಿದೆ. ಅದರ ಹೊಟ್ಟೆಯೊಳಗೆ ಒಗೆಯುವ ಮಷಿನ್‌ಗಳನ್ನು ಸಾಲಾಗಿ ಹೂತಿದ್ದಾರೆ. ಒಂದೊಂದಕ್ಕೂ ಎರಡು ಬಾಗಿಲು. ಆಚೆಯ ಬಾಗಿಲಿನಿಂದ ವಾರ್ಡಿನ ಕೊಳೆ ಬಟ್ಟೆ ಒಳಗೆ ಹೋಗುತ್ತದೆ. ಈಚೆಯ ಬಾಗಿಲಿನಿಂದ ಬೆಳ್ಳಗಾಗಿ ಹೊರಗೆ ಬರುತ್ತದೆ. ಆಚೆ ಕೊಳೆ ಬದಿ, ಈಚೆ ಶುಭ್ರ ಬದಿ. ಬಟ್ಟೆ ಆಚೆಯಿಂದ ಈಚೆಗೆ ಬರಬಹುದು. ಮನುಷ್ಯರು ಬರುವಂತಿಲ್ಲ. ಕೊಳೆ ಬದಿಯವರಿಗೆ ಬೇರೆ ಬಾಗಿಲು, ಬೇರೆ ನಲ್ಲಿ, ಬೇರೆ ಲೋಟ. ಗೋಡೆಯ ನಡುವೆ ಒಂದು ಕಿಂಡಿ ಇದೆ. ಯಾವ ಮಷಿನ್ ತುಂಬಿತು ಎಂದು ಕೂಗಿ ಹೇಳಲಿಕ್ಕೆ. ಅದರಲ್ಲಿ ಕೈ ತೂರಿಸಿದರೂ ಬೈಗುಳ.

ನಮ್ಮ ಕೇರಿಯವರು ಹುಟ್ಟಿದ್ದೇ ಆ ಗೋಡೆಯ ಆಚೆ ಎಂದು ಎಲ್ಲರೂ ತಿಳಿದಿದ್ದರು. ಅತ್ತಿಗೆಯ ಅವ್ವ ಅಲ್ಲಿ ದುಡಿದಳು. ಅತ್ತಿಗೆ ಅಲ್ಲಿ ದುಡಿದಳು. ನಮ್ಮಣ್ಣನನ್ನು ಮದುವೆಯಾಗಿ ಬಂದಮೇಲೆ ನನ್ನನ್ನೂ ಅಲ್ಲಿಗೇ ಕರೆದುಕೊಂಡು ಹೋದಳು. ಚೀಲದ ಬಾಯಿ ಬಿಚ್ಚಬೇಕು. ಕೊಡವಬೇಕು. ವಿಂಗಡಿಸಬೇಕು. ರಕ್ತದ್ದು ಒಂದು ಕಡೆ, ಹೇಲಿನದು ಒಂದು ಕಡೆ, ಕೀವಿನದು ಒಂದು ಕಡೆ. ಮಡಿಕೆಯೊಳಗೆ ಏನಾದರೂ ಇರಬಹುದು. ಹತ್ತಿ, ಕತ್ತರಿ, ಕಿತ್ತ ಹಲ್ಲು. ಸೂಜಿಯಂತೂ ಇದ್ದೇ ಇರುತ್ತದೆ. ಮೇಲಿನವರು ಸೂಜಿಯನ್ನು ಡಬ್ಬಿಗೆ ಹಾಕಬೇಕು. ಹಾಕುವುದಿಲ್ಲ. ಹಾಗೇ ಚಾದರದಲ್ಲಿ ಸುತ್ತಿ ಎಸೆಯುತ್ತಾರೆ. ಅಂಥ ಒಂದು ಸೂಜಿ ಅತ್ತಿಗೆಯ ಬಲಗೈಯ ನಡುಬೆರಳಿಗೆ ಇಳಿಯಿತು. ಬೆರಳು ಕೀವಾಗಿ, ಊದಿ, ಒಣಗಿತು. ಈಗ ಅದು ಮಡಚುವುದಿಲ್ಲ. ಊಟ ಮಾಡುವಾಗಲೂ ನೆಟ್ಟಗೆ ನಿಂತಿರುತ್ತದೆ. "ನನ್ನ ಕೈಗೊಬ್ಬ ಸಾಹೇಬ ಬಂದು ಕೂತವ್ನೆ, ಬಗ್ಗೋದೇ ಇಲ್ಲ" ಎಂದು ಅವಳೇ ನಗುತ್ತಾಳೆ.

ದೊಡ್ಡ ಜ್ವರ ಬಂದ ವರ್ಷ ಶುಭ್ರ ಬದಿಯವರು ಹೆದರಿ ಮನೆಯಲ್ಲಿ ಕುಳಿತರು. ಆಸ್ಪತ್ರೆ ತುಂಬಿ ಹೊರಗೆ ಹರಿಯುತ್ತಿತ್ತು. ಚಾದರ ಮಡಿಸಲು ಜನ ಇರಲಿಲ್ಲ. ಆಗ ಬಾಗಿಲು ತೆಗೆದರು. ನಮ್ಮಲ್ಲಿ ಕೆಲವರನ್ನು ಸ್ನಾನ ಮಾಡಿಸಿ, ಹೊಸ ಅಂಗಿ ಕೊಟ್ಟು ಈಚೆಗೆ ತಂದರು. ನಾವು ಮಡಿಸಿದೆವು. ಯಾರೂ ಅದರಿಂದ ಸಾಯಲಿಲ್ಲ. ಜ್ವರ ಹೋಯಿತು. ನಾವು ಇಲ್ಲೇ ಉಳಿದೆವು. ಈ ಕಡೆ ಕಿಟಕಿ ಇದೆ ಎಂಬುದು ನನಗೆ ಆಗಲೇ ಗೊತ್ತಾಗಿದ್ದು. ಮೆಟ್ಟಿಲ ಪಕ್ಕದಲ್ಲಿ, ಎತ್ತರದಲ್ಲಿ, ಒಂದು ತುಂಡು ಬೆಳಕು.

ನಾವು ಉಳಿದದ್ದು ಮನೆಯಿಂದ ಮರಳಿ ಬಂದವರ, ಲಾಂಡ್ರಿ ನಡೆಸುವ ಕಂಪನಿಯವರ ಕಣ್ಣು ಕುಕ್ಕಿತು. ಹೋಗಿ ಎಂದು ನೇರವಾಗಿ ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೆ ಇಂಗ್ಲಿಷನ್ನು ಮುಂದೆ ಬಿಟ್ಟರು.

ನಮ್ಮ ಸೂಪರ್‌ವೈಸರ್ ಯಾರನ್ನೂ ಹೆಸರು ಹಿಡಿದು ಕರೆಯುವವನಲ್ಲ. ಶಿಳ್ಳೆ ಹೊಡೆಯುತ್ತಾನೆ. ನಾವೂ ಅವನನ್ನು ಶಿಳ್ಳೆ ಎಂದೇ ಕರೆಯುವುದು. ಅವನು ಮೇಜಿನ ಮೇಲೆ ಕೈಯೂರಿ ಹೇಳಿದ. ಶುಭ್ರ ಬದಿಯವರು ವಾರ್ಡಿನ ಸಿಸ್ಟರ್‌ಗಳ ಫೋನ್ ಎತ್ತಬೇಕಾಗುತ್ತದಂತೆ. ಇಂಗ್ಲಿಷ್ ಮಾತು ಅರ್ಥವಾಗಬೇಕಂತೆ. ಶಾಲೆಯ ಸರ್ಟಿಫಿಕೇಟ್ ಇದ್ದವರಿಗೆ ಪರೀಕ್ಷೆ ಇಲ್ಲ. ಇಲ್ಲದವರಿಗೆ ಉಂಟು. ಪಾಸಾಗದವರು ಗೋಡೆಯ ಆಚೆಗೆ.

ಸರ್ಟಿಫಿಕೇಟ್ ಇಲ್ಲದವರು ಯಾರು? ಜ್ವರದ ವರ್ಷ ಬಂದವರು. ನಾವೇ.

"ಫೋನ್ ಎಲ್ಲಿದೆ ಸಾರ್?" ಎಂದು ಅತ್ತಿಗೆ ಕೇಳಿದಳು.

"ನನ್ನ ರೂಮಲ್ಲಿ."

"ನಿಮ್ಮ ರೂಮಿಗೆ ಬೀಗ ಹಾಕಿರ್ತೀರಲ್ಲ."

"ತಲೆಹರಟೆ ಬೇಡ."

"ತಲೆಹರಟೆ ಅಲ್ಲ ಸಾರ್. ಬೀಗಕ್ಕೂ ಇಂಗ್ಲಿಷ್ ಬೇಕಾ ಅಂತ ಕೇಳ್ದೆ."

ಶಿಳ್ಳೆ ಶಿಳ್ಳೆ ಹೊಡೆದ. ಕೆಲಸಕ್ಕೆ ಹೋಗಿ ಎಂದರ್ಥ.

ಪಾಠ ಹೇಳಲು ಕಂಪನಿಯವರು ಒಬ್ಬ ಮೇಷ್ಟ್ರನ್ನು ಕಳಿಸಿದರು. ಆ ಸೆಕೆಯಲ್ಲೂ ಟೈ ಬಿಚ್ಚದ ಮನುಷ್ಯ. ಟೈ ಮೇಷ್ಟ್ರು ಎಂದೇ ಹೆಸರು ಬಿತ್ತು. ಕೆಲಸ ಮುಗಿದ ಮೇಲೆ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಸೊಂಟ ನೋಯುತ್ತಿರುವಾಗ ಪಾಠ.

"ನಿಮಗೆ ಈಗಾಗಲೇ ಯಾವ ಇಂಗ್ಲಿಷ್ ಬರುತ್ತೆ?" ಎಂದರು ಮೇಷ್ಟ್ರು.

"ಗೆಟ್ ಔಟ್" ಎಂದಳು ಅತ್ತಿಗೆ.

"ಮತ್ತೆ?"

"ಶಟ್ ಅಪ್" ಎಂದು ಹಿಂದಿನಿಂದ ಯಾರೋ ಅಂದರು. ಶಿಳ್ಳೆಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತದೆ. ನಾವು ಕಲಿತದ್ದು ಅಲ್ಲಿಂದ.

ಮೇಷ್ಟ್ರು ನಕ್ಕುಬಿಟ್ಟರು. "ಹಾಗಾದ್ರೆ ಅವೆರಡನ್ನ ನಾನು ಹೇಳಿಕೊಡಲ್ಲ" ಎಂದು ಕೈಯಲ್ಲಿದ್ದ ಹಾಳೆಯಲ್ಲಿ ಗೀಟು ಹಾಕಿದರು.

ಹಾಳೆಯ ತುಂಬ ಜೋಡಿ ಪದಗಳು. ಒಂದು ಕೆಲಸದ ಪದ. ಅದಕ್ಕೊಂದು ಸಣ್ಣ ಬಾಲ. ಬಾಲ ಬದಲಾದರೆ ಇಡೀ ಅರ್ಥ ಬದಲು. ಟರ್ನ್ ಅಂದರೆ ತಿರುಗು. ಆದರೆ ಟರ್ನ್ ಆಫ್ ಅಂದರೆ ನಿಲ್ಲಿಸು, ಟರ್ನ್ ಡೌನ್ ಅಂದರೆ ಬೇಡ ಅನ್ನು, ಟರ್ನ್ ಅಪ್ ಅಂದರೆ ಬಂದು ಮುಖ ತೋರಿಸು.

"ಇದ್ರಲ್ಲಿ ತಿರುಗಿದ್ದು ಯಾರು?" ಎಂದಳು ಅತ್ತಿಗೆ.

"ಯಾರೂ ತಿರುಗಲ್ಲಮ್ಮ. ಅದು ಹಾಗೇ."

"ರನ್ ಔಟ್ ಆಫ್ ಅಂದ್ರೆ?"

"ಮುಗಿದು ಹೋಗೋದು. ಸೋಪು ಮುಗಿದುಹೋಯ್ತು, ಅಂತಾರಲ್ಲ."

"ಓಡೋದು?"

"ಓಡೋದಿಲ್ಲ."

"ಮತ್ತೆ ರನ್ ಅಂದ್ರೆ ಓಡು ಅಂತ ನಿನ್ನೆ ಹೇಳಿದ್ರಿ. ಇವತ್ತು ಸೋಪು ಮುಗೀತು ಅಂತೀರಿ. ನಾಳೆ ಏನಂತೀರೋ. ಈ ಪದಗಳು ನಮ್ಮ ಸೋದರಮಾವನ ಥರ ಇವೆ ಬಿಡಿ. ಯಾರ ಪಕ್ಕ ಕೂತ್ರೆ ಅವರ ಹಾಡು ಹಾಡೋದು."

ಕೋಣೆಯೆಲ್ಲ ನಕ್ಕಿತು. ಮೇಷ್ಟ್ರು ಟೈ ಸಡಿಲಿಸಿಕೊಂಡರು. ನಾನು ನಗಲಿಲ್ಲ. ಹಗಲೆಲ್ಲ ತೋಳು ಬಿದ್ದುಹೋಗುವ ಹಾಗೆ ದುಡಿದು, ಸಂಜೆ ಈ ಬಾಲಗಳನ್ನು ಎಣಿಸುತ್ತ ಕೂರಬೇಕು. ಪಕ್ಕದ ಸಾಲಿನ ಸರ್ಟಿಫಿಕೇಟಿನವರು ಕೈಚೀಲ ತೂಗಿಕೊಂಡು ಮನೆಗೆ ಹೋಗುತ್ತಿದ್ದರು. ಅವರಿಗೆ ಬರುವ ಇಂಗ್ಲಿಷೂ ನಮ್ಮಷ್ಟೇ.

ಪುಟ್ ಅಪ್ ವಿತ್ ಬಂದ ದಿನ ಅತ್ತಿಗೆ, "ಸಹಿಸ್ಕೊಳ್ಳೋದಕ್ಕೂ ಅವರ ಹತ್ರ ಪದ ಇದೆಯಾ? ಅವರಿಗೆ ಯಾತಕ್ಕೆ ಬೇಕಾಗಿತ್ತು?" ಎಂದಳು. ಮೇಷ್ಟ್ರು ಮುಂದಿನ ಪದಕ್ಕೆ ಹೋದರು.

ದಾರಿ ಸಿಕ್ಕಿದ್ದು ಅತ್ತಿಗೆಗೇ. ಮನೆಗೆ ನಡೆಯುತ್ತ ಅಂದಳು.

"ಏ ಪುರಾಣ." ನನ್ನನ್ನು ಅವಳು ಹಾಗೆಯೇ ಕರೆಯುವುದು. "ನಮ್ಮ ಮಾತಲ್ಲೂ ಹಂಗೇ ಅಲ್ವೇನೇ? ಕೈ ಒಂದೇ. ಕೈ ಹಿಡಿ ಅಂದ್ರೆ ಮದುವೆ. ಕೈ ಕೊಡು ಅಂದ್ರೆ ಮೋಸ. ಕೈ ಹಾಕು ಅಂದ್ರೆ ಶುರು ಮಾಡು. ಕೈ ಬಿಡು ಅಂದ್ರೆ ಹಾಳಾಗಿ ಹೋಗು ಅಂತ ಬಿಟ್ಟುಬಿಡೋದು. ಇದನ್ನ ನಮಗೆ ಯಾವ ಟೈ ಕಟ್ಟಿದೋನು ಹೇಳಿಕೊಟ್ಟ? ಕೇಳಿ ಕೇಳಿ ಬಂತು. ನೀನು ಕೇಳಿದ್ದನ್ನ ಮರೆಯೋಳಲ್ಲ. ನೀನು ಓದು. ಅರ್ಥ ನಾನು ಹೇಳ್ತೀನಿ."

ನಾನು ಕೇಳಿಯೇ ಬೆಳೆದವಳು. ನಮ್ಮಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಪದ್ಯ ಓದುವ ಮನೆಗಳ ಅಂಗಳದಾಚೆ, ಚರಂಡಿಯ ಕಲ್ಲಿನ ಮೇಲೆ ನಿಂತು ಕೇಳಿಸಿಕೊಂಡವನು. ಅವರು ಒಳಗೆ ಓದಿದ್ದನ್ನು ಇವನು ಹೊರಗೆ ಹೊಟ್ಟೆಗೆ ಹಾಕಿಕೊಂಡು ಬಂದ. ಸಂಜೆ ದೀಪ ಹಚ್ಚಿ, ಕೈಮುಗಿದು, ಕಣ್ಣು ಮುಚ್ಚಿ ಹೇಳುತ್ತಿದ್ದ. ಅಪ್ಪ ಒಂದು ಪದ್ಯ ಹೇಳಿ ನಿಲ್ಲಿಸಿದರೆ ಚಿಕ್ಕಪ್ಪ ಅದರ ಅರ್ಥ ಬಿಡಿಸುತ್ತಿದ್ದ. ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಓದುವವನು, ಅಂದರೆ ಪದ್ಯ ಹೇಳುವವನು, ಅರ್ಥ ಹೇಳಬಾರದು. ಅರ್ಥ ಹೇಳುವವನು ಓದಬಾರದು. ಎರಡೂ ಒಬ್ಬನ ಬಾಯಲ್ಲೇ ಬಂದರೆ ಪದ್ಯ ಅವನ ಸ್ವತ್ತಾಗಿಬಿಡುತ್ತದೆ, ಆಮೇಲೆ ಬೇರೆಯವರನ್ನು ಹೊರಗೆ ನಿಲ್ಲಿಸುತ್ತಾನೆ ಎಂದು ಅಪ್ಪ ಹೇಳುತ್ತಿದ್ದ. ಹೊರಗೆ ನಿಂತವನಿಗೆ ಅದು ಗೊತ್ತಿತ್ತು.

ಮಾರನೆಯ ದಿನದಿಂದ ನಾವು ಮಡಿಸುತ್ತಲೇ ಕಲಿತೆವು. ಆಸ್ಪತ್ರೆಯ ಚಾದರ ಉದ್ದ. ಒಬ್ಬರಿಂದ ಮಡಿಸಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಮೂಲೆ ಹಿಡಿಯಬೇಕು. ಪಟ್ಟನೆ ಒದರಬೇಕು. ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಮತ್ತೆ ಹಿಂದಕ್ಕೆ. ನಾನು ಮುಂದೆ ಬರುವಾಗ ಹೇಳುತ್ತಿದ್ದೆ, "ಥ್ರೋ ಅವೇ." ಅತ್ತಿಗೆ ನನ್ನ ಕೈಯಿಂದ ಮೂಲೆ ತೆಗೆದುಕೊಳ್ಳುತ್ತ, "ಬಿಸಾಕು." "ಲುಕ್ ಆಫ್ಟರ್." "ಚೆನ್ನಾಗಿ ನೋಡ್ಕೋ." "ಲುಕ್ ಡೌನ್ ಆನ್." "ಶಿಳ್ಳೆ ನಮ್ಮನ್ನ ನೋಡೋ ಥರ ನೋಡು." ನನಗೆ ಅರಿವಿಲ್ಲದೆ ಅಪ್ಪನ ರಾಗ ಬಂದುಬಿಟ್ಟಿತ್ತು. ಪಕ್ಕದ ಮೇಜುಗಳಿಗೂ ಅದು ಹಬ್ಬಿತು. ಜೋಡಿಯಲ್ಲಿ ಒಬ್ಬಳು ಓದು, ಒಬ್ಬಳು ಅರ್ಥ. ಮಷಿನ್‌ಗಳ ಸದ್ದಿನ ಮೇಲೆ ನಮ್ಮ ದನಿ. ಮೇಷ್ಟ್ರು ಒಮ್ಮೆ ಬಂದು ನಿಂತು ಕೇಳಿಸಿಕೊಂಡು ಹೋದರು. ಎಲ್ಲ ಬಂದುಬಿಟ್ಟಿದೆ ಎಂದುಕೊಂಡೆವು.

ಬಂದಿತ್ತು. ಇಬ್ಬರಿಗೆ ಸೇರಿ ಬಂದಿತ್ತು.

ಪರೀಕ್ಷೆ ಶಿಳ್ಳೆಯ ರೂಮಿನಲ್ಲಿ. ಮೇಜಿನ ಒಂದು ಕಡೆ ಮೇಷ್ಟ್ರು, ಪಕ್ಕದಲ್ಲಿ ಶಿಳ್ಳೆ. ಒಬ್ಬೊಬ್ಬರೇ ಒಳಗೆ ಹೋಗಬೇಕು ಎಂದರು. ಅದು ನಮಗೆ ಆಗ ಗೊತ್ತಾಯಿತು. ಮೊದಲು ಅತ್ತಿಗೆಯನ್ನು ಕರೆದರು. ನಾನು ಹೊರಗೆ ಬೆಂಚಿನ ಮೇಲೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಬಿಸಾಕು. ಇದಕ್ಕೆ ಇಂಗ್ಲಿಷಲ್ಲಿ ಏನಂತಾರೆ?" ಮೇಷ್ಟ್ರ ದನಿ.

"ಅದನ್ನ ಹೇಳೋಳು ಹೊರಗೆ ಕೂತವ್ಳೆ ಸ್ವಾಮಿ. ಕರೀರಿ."

"ಒಬ್ಬರೇ ಹೇಳ್ಬೇಕಮ್ಮ."

"ನಾನು ಅರ್ಥ ಹೇಳೋಳು. ನೀವು ಓದಿ, ಯಾವುದಾದ್ರೂ ಓದಿ, ಅರ್ಥ ನಾನು ಹೇಳ್ದೆ ಹೋದ್ರೆ ಕೇಳಿ."

"ಫೋನಲ್ಲಿ ಸಿಸ್ಟರ್‌ಗೆ ಹಿಂಗೇ ಹೇಳ್ತೀಯಾ?" ಶಿಳ್ಳೆ. "ನಮ್ಮ ನಾದಿನಿ ಹೊರಗೆ ಕೂತವ್ಳೆ, ಕರೀರಿ ಅಂತ?"

ಅತ್ತಿಗೆ ತಡೆದು ತಡೆದು, "ತೊರೆ..." ಎಂದಳು. "ತೊರೆ ವೇ."

"ಏನು? ಇನ್ನೊಂದು ಸಲ."

"ತೊರೆ ವೇ."

"ಬಾಯಿ ದೊಡ್ಡದಾಗಿ ತೆಗಿ. ನಾಲಿಗೆ ಹೊರಗೆ ಬರ್ಬೇಕು. ಎಲ್ಲಿ, ನಾಲಿಗೆ ತೋರಿಸು" ಎಂದ ಶಿಳ್ಳೆ.

ನನ್ನ ಅತ್ತಿಗೆ ನಾಲಿಗೆ ತೋರಿಸಿದಳು. ಬಾಗಿಲ ಸಂದಿಯಿಂದ ನನಗೆ ಕಂಡಿತು. ಮೂರು ಮಕ್ಕಳನ್ನು ಸಾಕಿದ ಹೆಂಗಸು. ನಮ್ಮ ಬೀದಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು ನಾಲಿಗೆ ಹೊರಗೆ ಹಾಕಿದ್ದಳು. ಶಿಳ್ಳೆ ನಗುತ್ತಿದ್ದ. ಮೇಷ್ಟ್ರು ಹಾಳೆ ನೋಡುತ್ತಿದ್ದರು. ಅವಳ ಕೈಗಳು ತೊಡೆಯ ಮೇಲೆ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದವು. ಚಾದರದ ಮೂಲೆ ಹಿಡಿದಂತೆ.

"ಒಂದು ಚಾದರ ಕೊಡಿ ಸ್ವಾಮಿ" ಎಂದಳು ಕೊನೆಗೆ. "ಕೈಯಲ್ಲಿ ಚಾದರ ಇದ್ರೆ ನೆನಪಾಗುತ್ತೆ."

ಶಿಳ್ಳೆ ಮೇಜು ಕುಟ್ಟಿ ನಕ್ಕ.

ಅವಳು ಹೊರಗೆ ಬಂದಾಗ ನನ್ನ ಮುಖ ನೋಡಲಿಲ್ಲ. ನೆಟ್ಟಗಿನ ಬೆರಳಿನಿಂದ ಕಣ್ಣು ಒರೆಸಿಕೊಂಡಳು. "ಹೋಗು. ಎರಡನ್ನೂ ಹೇಳು. ನನ್ನ ಸುದ್ದಿ ಬಿಡು" ಎಂದಳು.

ಹೋದೆ. ಹೇಳಿದೆ. ಅರ್ಥ ಬರುವಾಗಲೆಲ್ಲ ಕಿವಿಯಲ್ಲಿ ಅವಳ ದನಿ ಕೇಳುತ್ತಿತ್ತು, ಅದನ್ನೇ ಎತ್ತಿ ಕೊಟ್ಟೆ. ಓದೂ ನನ್ನದೇ, ಅರ್ಥವೂ ನನ್ನದೇ ಎಂಬಂತೆ. ಅಪ್ಪನ ದೀಪದ ಮುಂದೆ ಉಗುಳಿದ ಹಾಗಾಯಿತು.

"ಪಾಸು" ಎಂದರು ಮೇಷ್ಟ್ರು.

"ನಮ್ಮತ್ತಿಗೆ ಹೇಳಿಕೊಟ್ಟದ್ದು ಮೇಷ್ಟ್ರೇ. ಅರ್ಥವೆಲ್ಲ ಅವಳದೇ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿ."

"ನನ್ನ ಕೈಯಲ್ಲಿ ಏನಿಲ್ಲಮ್ಮ" ಎಂದರು. ಅವರ ಕೈಯಲ್ಲಿ ಪೆನ್ನು ಇತ್ತು.

ಅರ್ಥ ಹೇಳುವ ಹೆಂಗಸರೆಲ್ಲ ಫೇಲಾದರು. ಓದುವವರಲ್ಲೂ ಬಹಳ ಜನ ಫೇಲಾದರು. ಮಾರನೆಯ ಬೆಳಿಗ್ಗೆ ಅವರು ಹಳೆಯ ಬಾಗಿಲಿನಿಂದ ಒಳಗೆ ಹೋದರು. ಅತ್ತಿಗೆ ತನ್ನ ಲೋಟ ತೆಗೆದುಕೊಂಡು ಹೋದಳು. "ಸೂಜಿ ನನ್ನ ದಾರಿ ನೋಡ್ತಾ ಇರ್ತದೆ" ಎಂದಳು. ನಾನು ದೇವರೇ ಎಂದುಕೊಂಡೆ, ಅಷ್ಟೇ. ಹಾಗೆ ಎಷ್ಟು ಸಲ ಅಂದುಕೊಂಡಿದ್ದೇನೋ.

ನನ್ನ ಮೇಜಿಗೆ ಸರ್ಟಿಫಿಕೇಟಿನ ಸಾಲಿನಿಂದ ಒಬ್ಬಳನ್ನು ಹಾಕಿದರು. ಕನ್ನಡಕದ ಹುಡುಗಿ. ಕೆಟ್ಟವಳಲ್ಲ. ನಾನು ಮೂಲೆ ಹಿಡಿದು ಒದರಿದೆ. ನಡೆದು ಹೋದೆ. ಬಾಯಿಗೆ ತಾನಾಗಿ ಬಂತು, "ಥ್ರೋ ಅವೇ."

ಹುಡುಗಿ ನನ್ನ ಮುಖ ನೋಡಿದಳು. "ಏನಕ್ಕಾ?"

ಮಷಿನ್ ಒಳಗಿನಿಂದ ಕೊಳೆ ಬಟ್ಟೆ ತಿರುಗುವ ಸದ್ದು. ಅದನ್ನು ತುಂಬಿದವಳು ಆಚೆ ನಿಂತಿದ್ದಾಳೆ. ನಾನು ಈಚೆ ನಿಂತು ಅವಳು ತೊಳೆಯಲು ಹಾಕಿದ್ದನ್ನು ಮಡಿಸುತ್ತಿದ್ದೇನೆ. ಅವಳ ಅರ್ಥ ಹೇಳಿ ಪಾಸಾದವಳು ನಾನು.

ನನ್ನ ಕೈ ನಿಂತಿತು.

"ಏನಾಯ್ತಕ್ಕಾ? ಹಿಡೀರಿ" ಎಂದಳು ಹುಡುಗಿ.

"ನನ್ನ ಜೋಡಿ ಬರಲಿ" ಎಂದೆ.

"ಯಾರು?"

"ಆಚೆ ಇದಾಳೆ."

ಹುಡುಗಿ ಗೋಡೆ ನೋಡಿದಳು. ಏನು ತಿಳಿಯಿತೋ. ತನ್ನ ಕೈಯಲ್ಲಿದ್ದ ತುದಿಯನ್ನು ಮೆಲ್ಲಗೆ ಕೆಳಗೆ ಬಿಟ್ಟಳು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ನಿಂತಳು. ಪಕ್ಕದ ಮೇಜಿನಲ್ಲಿ ಪಾಸಾದ ಇನ್ನೊಬ್ಬಳು ನಮ್ಮ ಕೇರಿಯವಳು. ಅವಳೂ ಕೈಬಿಟ್ಟಳು. ಅದರ ಪಕ್ಕದವಳೂ. ಒಬ್ಬಳು ನಿಂತರೆ ಎದುರಿಗಿರುವವಳೂ ನಿಲ್ಲಲೇಬೇಕು. ನಮ್ಮ ಕೆಲಸವೇ ಹಾಗೆ.

ಶಿಳ್ಳೆ ಕೇಳಿಸಿತು. ಯಾರೂ ಕದಲಲಿಲ್ಲ. ಮತ್ತೆ ಕೇಳಿಸಿತು. ಒಗೆದು ಮುಗಿದ ಮಷಿನ್‌ಗಳು ಒಂದೊಂದೇ ನಿಂತವು. ಈಚೆಯಿಂದ ಯಾರೂ ತೆಗೆಯಲಿಲ್ಲ. ತೆಗೆಯದಿದ್ದರೆ ಆಚೆಯಿಂದ ತುಂಬಲಾಗದು. ಲಾಂಡ್ರಿಯಲ್ಲಿ ಅಂಥ ಮೌನವನ್ನು ನಾನು ಕೇಳಿದ್ದೇ ಇಲ್ಲ. ಮೇಲೆ ಎಲ್ಲೋ ಫೋನ್ ಹೊಡೆದುಕೊಳ್ಳುತ್ತಿತ್ತು. ಶಿಳ್ಳೆಯ ಬೀಗ ಹಾಕಿದ ರೂಮಿನಲ್ಲಿ.

ಅವನು ಓಡಿಬಂದ. ನೆಲದ ಮೇಲೆ ಬಿದ್ದ ಚಾದರ ನೋಡಿದ. ಮುಖ ಕೆಂಪಾಯಿತು. ಇಂಗ್ಲಿಷ್ ಬಂತು.

"ಪಿಕ್ ಅಪ್!" ಎಂದು ಕಿರುಚಿದ.

ನನ್ನ ಜೀವಮಾನದಲ್ಲಿ ನಾನು ಯಾರಿಗೂ ಎದುರು ಮಾತಾಡಿದವಳಲ್ಲ. ಅವತ್ತೂ ಎದುರು ಮಾತಾಡಲಿಲ್ಲ. ಅವನು ಹೇಳಿದ್ದನ್ನೇ ಓದಿದೆ. ಅಪ್ಪನ ರಾಗದಲ್ಲಿ, ಎಳೆದು, ಗೋಡೆಗೆ ಕೇಳುವಂತೆ.

"ಪಿಕ್ ಅಪ್..."

ಕಿಂಡಿಯ ಆಚೆಯಿಂದ ದನಿ ಬಂತು. "ಎತ್ಕೋ ಅಂತ ಅರ್ಥ."

ಯಾರೂ ಎತ್ತಿಕೊಳ್ಳಲಿಲ್ಲ.

"ಹರಿ ಅಪ್!"

"ಹರಿ ಅಪ್..."

"ಬೇಗ ಬೇಗ ಮಾಡು ಅಂತ ಅರ್ಥ." ಈಗ ಅತ್ತಿಗೆಯ ಜೊತೆ ಇನ್ನೂ ಹಲವು ದನಿಗಳಿದ್ದವು. ಫೇಲಾದವರೆಲ್ಲ ಕಿಂಡಿಗೆ ಬಂದಿದ್ದರು.

ಯಾರೂ ಬೇಗ ಮಾಡಲಿಲ್ಲ.

ಶಿಳ್ಳೆ ಕಿಂಡಿಯ ಕಡೆ ನೋಡಿದ. ನನ್ನ ಕಡೆ ನೋಡಿದ. ಕೈ ಎತ್ತಿದ. ಹೊಡೆಯುತ್ತಾನೆ ಎಂದುಕೊಂಡೆ. ಎತ್ತಿದ ಕೈಯಿಂದ ಮೆಟ್ಟಿಲು ತೋರಿಸಿದ.

"ಗೆಟ್ ಔಟ್!"

"ಗೆಟ್ ಔಟ್..." ಎಂದು ಓದಿ ನಿಲ್ಲಿಸಿದೆ.

ಕಿಂಡಿಯಿಂದ ಏನೂ ಬರಲಿಲ್ಲ. ನಾನು ಕಾದೆ. ಎಲ್ಲರೂ ಕಾದರು. ಮಷಿನ್ ಒಳಗೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ನನ್ನ ಅತ್ತಿಗೆಯ ದನಿ ನಿಧಾನವಾಗಿ, ತುಂಬ ಮರ್ಯಾದೆಯಿಂದ ಬಂತು.

"ಅದರ ಅರ್ಥ ಗೊತ್ತಿಲ್ಲ ಸ್ವಾಮಿ. ಅದನ್ನ ನಮಗೆ ಹೇಳಿಕೊಟ್ಟಿಲ್ಲ."

ಚಾದರದ ಒಂದು ತುದಿ ನನ್ನ ಕೈಯಲ್ಲಿತ್ತು. ಇನ್ನೊಂದು ತುದಿ ನೆಲದ ಮೇಲಿತ್ತು. ಅಲ್ಲೇ ಇತ್ತು.